ನೆಬ್ರಾಸ್ಕಾವನ್ನು ರಾತ್ರಿ ದಾಟಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗುವ ತಂದೆತಾಯಂದಿರ ಜೊತೆ ಶಿಕಾಗೊದಿಂದ ಡೆನ್ವರ್‌ಗೋ ಯೆಲ್ಲೊಸ್ಟೋನ್‌ಗೋ ಕಾರಿನಲ್ಲೇ ಹೊರಡುವ ಕುಟುಂಬಗಳಿಗೆ ಸಿಗುವ ಸಲಹೆ ಒಂದೇ: ‘ನೆಬ್ರಾಸ್ಕಾದಲ್ಲಿ ನೋಡುವಂಥದ್ದೇನಿಲ್ಲ, ರಾತ್ರಿ ದಾಟಿಬಿಡಿ.’ ಆ ರಾಜ್ಯದಲ್ಲಿ ಐ-80 ಹೆದ್ದಾರಿಯ ಉದ್ದ 455 ಮೈಲಿ, ಅಂದರೆ ಸುಮಾರು 730 ಕಿ.ಮೀ. ಬೇಸರ ಬರುವುದು ಸಹಜ. ಆದರೆ ಮರವೇ ಇಲ್ಲದ ಬಯಲಿನಲ್ಲಿ ವಲಸಿಗರು ಮನೆ ಕಟ್ಟಿ, ನೀರೆತ್ತಿ, ನೆಲ ಉತ್ತ ಬಗೆಯನ್ನು ತೋರಿಸುವ ಎರಡು ಒಳ್ಳೆಯ ಜಾಗಗಳು ಇದೇ ದಾರಿಯಲ್ಲಿವೆ. ಅವನ್ನು ಬಿಟ್ಟು ಹೋಗುವುದು ನಷ್ಟ.

ಹೆದ್ದಾರಿಯಿಂದ ಹೊರಬೀಳುವ ಎಕ್ಸಿಟ್‌ಗಳ ಸಂಖ್ಯೆಗಳು ರಾಜ್ಯದ ಪಶ್ಚಿಮ ಗಡಿಯಿಂದ ಎಷ್ಟು ಮೈಲಿ ಎಂಬುದನ್ನು ಹೇಳುತ್ತವೆ. ಪೂರ್ವದಂಚಿನ ಒಮಾಹಾ ಕಡೆಯಿಂದ ಬರುವವರಿಗೆ ಅವು ಇಳಿಯುತ್ತಾ ಹೋಗುತ್ತವೆ. ಮೊದಲು 312ರಲ್ಲಿ ಗ್ರ್ಯಾಂಡ್ ಐಲೆಂಡಿನ ಸ್ಟೂರ್ ಮ್ಯೂಸಿಯಂ. ಮುಂದೆ 279ರಲ್ಲಿ ಇಳಿದು ದಕ್ಷಿಣಕ್ಕೆ ಸುಮಾರು 12 ಮೈಲಿ ಹೋದರೆ ಮಿಂಡೆನ್ನಿನ ಪಯೊನಿಯರ್ ವಿಲೇಜ್. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಕಮ್ಮಾರ ಕುಲುಮೆ ಹಚ್ಚುವುದು, ಹಳೆಯ ಉಡುಪಿನವರು ಮನೆಗೆಲಸ ಮಾಡಿ ತೋರಿಸುವುದು ಬೇಕಿದ್ದರೆ ಸ್ಟೂರ್. ಅದು ಬೇಸಿಗೆಯ ತಿಂಗಳುಗಳಿಗೆ ಮಾತ್ರ. ಯಂತ್ರ, ವಾಹನ, ಉಪಕರಣಗಳ ಮೇಲೆ ಆಸಕ್ತಿಯಿದ್ದರೆ ಮಿಂಡೆನ್. ಅಲ್ಲೇ ಹತ್ತಿರ ಹುಟ್ಟಿ, ಶಿಕಾಗೊದಲ್ಲಿ ಪ್ಲಾಸ್ಟಿಕ್ ಉದ್ಯಮದಿಂದ ಹಣ ಮಾಡಿದ ಹೆರಾಲ್ಡ್ ವಾರ್ಪ್ 1953ರಲ್ಲಿ ಅದನ್ನು ತೆರೆದರು. 20 ಎಕರೆ, 28 ಕಟ್ಟಡ, 50,000ಕ್ಕೂ ಹೆಚ್ಚು ವಸ್ತು. ವಸ್ತುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿರುವುದು ಅದರ ಹೆಚ್ಚುಗಾರಿಕೆ. ಪ್ರತಿ ಚೀಟಿಯನ್ನೂ ಓದುತ್ತಾ ಕೂತವರು ಮೂರನೆಯ ಕಟ್ಟಡಕ್ಕೇ ಸೋತುಹೋಗುತ್ತಾರೆ. ಬಿಸಿಲೇರುವ ಮುನ್ನ ಹೊರಗಿನ ಹಳೆಯ ಕಟ್ಟಡಗಳನ್ನು ಮುಗಿಸಿ, ಕಾರು-ಟ್ರ್ಯಾಕ್ಟರುಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಮಿಂಡೆನ್ನಿನಲ್ಲಿ ಅವಸರದವರೂ ತಪ್ಪಿಸಬಾರದ್ದು ಹುಲ್ಲುಹೆಂಟೆಯ ಮನೆ. ಸಿನಿಮಾದ ಮರದದಿಮ್ಮಿ ಮನೆಗಳು ಇಲ್ಲಿಯವರಿಗೆ ದಕ್ಕುವಂತಿರಲಿಲ್ಲ. ಮರ ಹೊಳೆಯಂಚಿನಲ್ಲಷ್ಟೇ ಇತ್ತು. ಹಾಗಾಗಿ ಬೇರು ದಟ್ಟವಾಗಿ ಹೆಣೆದುಕೊಂಡ ನೆಲವನ್ನೇ ಕತ್ತರಿಸಿದರು. ಸಾಮಾನ್ಯ ನೇಗಿಲು ಮಣ್ಣನ್ನು ಮಗುಚಿ ಪುಡಿಮಾಡುತ್ತದೆ. ಇದಕ್ಕೆ ಬೇಕಾದ ಬೇರೆ ನೇಗಿಲು ಸುಮಾರು ಒಂದಡಿ ಅಗಲ, ನಾಲ್ಕು ಇಂಚು ದಪ್ಪದ ಪಟ್ಟಿಯನ್ನು ಮುರಿಯದೆ ಎತ್ತುತ್ತಿತ್ತು. ಅದನ್ನು ಸನಿಕೆಯಿಂದ ಮೂರಡಿ ಉದ್ದಕ್ಕೆ ಕಡಿದು, ಹುಲ್ಲಿನ ಮುಖ ಕೆಳಗೆ ಮಾಡಿ, ಸಂದಿನ ಮೇಲೆ ಸಂದು ಬಾರದಂತೆ ಎರಡು ಸಾಲಾಗಿ ಇಡಬೇಕು. ಕೆಲವು ವರಸೆಗಳಿಗೊಮ್ಮೆ ಅಡ್ಡಡ್ಡ ಇಟ್ಟು ಎರಡು ಸಾಲನ್ನೂ ಬಿಗಿಯಬೇಕು. ಆ ದಿನ ಕಟ್ಟುವಷ್ಟನ್ನೇ ಕೀಳಬೇಕು, ಒಣಗಿದ ಹೆಂಟೆ ಉದುರುತ್ತದೆ. 16x20 ಅಡಿಯ ಒಂದು ಮನೆಗೆ ಸುಮಾರು ಅರ್ಧ ಎಕರೆಯ ಹುಲ್ಲುನೆಲ ಬೇಕಾಗುತ್ತಿತ್ತು.

ಒಳಗೆ ಹೋದಾಗ ಕಿಟಕಿಯ ಹತ್ತಿರ ನಿಂತು ಗೋಡೆಯ ದಪ್ಪ ನೋಡಿ, ಎರಡು-ಮೂರು ಅಡಿ ಇರುತ್ತದೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಕಿಟಕಿಯ ಚೌಕಟ್ಟಿನ ಮೇಲೆ ಸಂದು ಬಿಟ್ಟು ಚಿಂದಿಯನ್ನೋ ಹುಲ್ಲನ್ನೋ ತುರುಕುತ್ತಿದ್ದರು. ಗೋಡೆ ತನ್ನ ಭಾರಕ್ಕೆ ತಾನೇ ಕುಸಿದು ಕೂರುವಾಗ, ದೂರದಿಂದ ದುಡ್ಡು ಕೊಟ್ಟು ತಂದ ಗಾಜು ಒಡೆಯಬಾರದಲ್ಲ! ಕೈಕೊಡುತ್ತಿದ್ದದ್ದು ಗೋಡೆಯಲ್ಲ, ಹೆಂಟೆಯನ್ನೇ ಹೊದಿಸಿದ ಚಾವಣಿ. ನೆನೆದ ಮಣ್ಣಿನ ಭಾರಕ್ಕೆ ತೊಲೆ ಬಾಗುತ್ತಿತ್ತು. ಹೊರಗೆ ಮಳೆ ನಿಂತ ಮೇಲೂ ಒಳಗೆ ತೊಟ್ಟಿಕ್ಕುತ್ತಿತ್ತು. ಮಣ್ಣು, ಹುಳ, ಒಮ್ಮೊಮ್ಮೆ ಹಾವು ಊಟದ ತಟ್ಟೆಗೆ ಬೀಳದಿರಲೆಂದು ಜಂತೆಯ ಕೆಳಗೆ ಬಟ್ಟೆ ಕಟ್ಟುತ್ತಿದ್ದರು.

ನೀರೆತ್ತುವ ಗಾಳಿಯಂತ್ರದ ಬಳಿಯೂ ಐದು ನಿಮಿಷ ನಿಲ್ಲಬಹುದು. ಡೇನಿಯಲ್ ಹ್ಯಾಲಡೆ 1854ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದ ಗುಟ್ಟು ನೀರೆತ್ತುವುದರಲ್ಲಿರಲಿಲ್ಲ, ಬಿರುಗಾಳಿ ಬಂದಾಗ ತಾನಾಗಿಯೇ ವೇಗ ತಗ್ಗಿಸಿಕೊಂಡು ಮುರಿಯದೆ ಉಳಿಯುವುದರಲ್ಲಿತ್ತು. ಹಳೆಯ ಯಂತ್ರಗಳಿಗೆ ಗೋಪುರ ಹತ್ತಿ ಮತ್ತೆ ಮತ್ತೆ ಎಣ್ಣೆ ಬಿಡಬೇಕಿತ್ತು. ಅದು ಅಪಾಯದ ಕೆಲಸ, ಬಿಟ್ಟರೆ ಯಂತ್ರವೇ ಕಚ್ಚಿಕೊಳ್ಳುತ್ತಿತ್ತು.

ಮಕ್ಕಳಿಗೆ ಇದನ್ನೆಲ್ಲ ತೋರಿಸುವಾಗ ಒಂದು ಮಾತು ಸೇರಿಸಿ. 1862ರ ಹೋಮ್‌ಸ್ಟೆಡ್ ಕಾಯಿದೆ ಐದು ವರ್ಷ ವಾಸವಿದ್ದು ಸಾಗುವಳಿ ಮಾಡಿದವರಿಗೆ 160 ಎಕರೆ ಕೊಟ್ಟಿತು. ಶುಲ್ಕ ಎಲ್ಲ ಸೇರಿ 18 ಡಾಲರ್. ಆ ನೆಲ ಬರಿದಾಗಿರಲಿಲ್ಲ. ಪಾನಿ ಎಂಬ ಮೂಲನಿವಾಸಿ ಜನ ಅಲ್ಲಿ ಮೆಕ್ಕೆಜೋಳ ಬೆಳೆದು, ಮರದ ಕಂಬಗಳ ಮೇಲೆ ಮಣ್ಣು ಹೊದಿಸಿದ ದುಂಡನೆಯ ದೊಡ್ಡ ಮನೆಗಳಲ್ಲಿ ಬಾಳಿದ್ದರು. 1870ರ ದಶಕದಲ್ಲಿ ಅವರು ಇಂದಿನ ಒಕ್ಲಹೋಮಾಕ್ಕೆ ಹೋಗಬೇಕಾಯಿತು. ಇಂಥ ಮ್ಯೂಸಿಯಂಗಳ ಫಲಕಗಳು ವಲಸಿಗರ ಕಷ್ಟವನ್ನು ಉದ್ದಕ್ಕೆ ಹೇಳಿ, ಈ ಭಾಗಕ್ಕೆ ಬಂದಾಗ ಚುಟುಕಾಗುತ್ತವೆ. ಸ್ಟೂರ್‌ನಲ್ಲಿ ಪಾನಿ ಮನೆಯ ಮಾದರಿಯೊಂದಿದೆ, ಅದನ್ನೂ ನೋಡಿದರೆ ಲೆಕ್ಕ ಸ್ವಲ್ಪ ಸರಿಹೋಗುತ್ತದೆ.

ಇನ್ನು ದಾರಿಯ ವಿಷಯ. ಇದು ಮೆಕ್ಕೆಜೋಳದ ನಾಡು, ಬಂಕುಗಳಲ್ಲಿ ಇ85 ಇಂಧನ ಅಗ್ಗವಾಗಿ ಕಾಣುತ್ತದೆ. ಅದರಲ್ಲಿ ಮೆಕ್ಕೆಜೋಳದಿಂದ ತೆಗೆದ ಎಥೆನಾಲ್ ಪಾಲು ಬಹಳ ಹೆಚ್ಚು. ಫ್ಲೆಕ್ಸ್ ಫ್ಯುಯೆಲ್ ಎಂದು ನಮೂದಿಸದ ಕಾರಿಗೆ ಹಾಕಬಾರದು, ಬಾಡಿಗೆ ಕಾರಿಗಂತೂ ಬೇಡವೇ ಬೇಡ. 87 ಎಂದಿರುವುದು ಆಕ್ಟೇನ್ ಸಂಖ್ಯೆ, 85 ಎಂಬುದು ಬೇರೆಯದೇ ಲೆಕ್ಕ. ಎರಡನ್ನೂ ಒಂದೇ ಸಾಲಿನಲ್ಲಿ ಓದಿಕೊಂಡು ತಪ್ಪುವವರಿದ್ದಾರೆ. ಮೇ, ಜೂನ್ ತಿಂಗಳಲ್ಲಿ ಸಂಜೆಯ ಹೊತ್ತಿಗೆ ಆಲಿಕಲ್ಲು, ಸುಂಟರಗಾಳಿ ಬರಬಹುದು. ಫೋನಿನಲ್ಲಿ ‘ವಾಚ್’ ಬಂದರೆ ಸಾಧ್ಯತೆಯಿದೆ ಎಂದರ್ಥ. ‘ವಾರ್ನಿಂಗ್’ ಬಂದರೆ ಕಾರು ಬಿಟ್ಟು ಗಟ್ಟಿ ಕಟ್ಟಡದ ಕೆಳಮಹಡಿಗೆ ಸೇರಬೇಕು, ಸೇತುವೆಯ ಕೆಳಗೆ ನಿಲ್ಲಬಾರದು. ಪ್ರವೇಶದ ದಿನ, ವೇಳೆ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹೆದ್ದಾರಿ ಬಿಡುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಇತಿ,
ನಿಮ್ಮ ಪತ್ರಿಕೆಯ ಓದುಗ