ಚರ್ಚಾಸ್ಪರ್ಧೆಗೆ ಹೊರಟ ಸೌಮ್ಯಾಳಿಗೆ

ಚಿ. ಸೌಮ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅಮೆರಿಕದ 2008ರ ಗೃಹಸಾಲ ಬಿಕ್ಕಟ್ಟಿನ ಬಗ್ಗೆ ನೀನು ಬರೆದ ಭಾಷಣ ಓದಿದೆ. ಮಾತಿನ ಓಘ ಚೆನ್ನಾಗಿದೆ. ಆದರೆ ‘ಹಾಸಿಗೆ ಮೀರಿ ಕಾಲು ಚಾಚಿದ ಬಡವರೇ ಇದಕ್ಕೆಲ್ಲ ಕಾರಣ’ ಎಂಬ ವಾಕ್ಯ ಓದಿ ಮನಸ್ಸಿಗೆ ನೋವಾಯಿತು. ಬ್ಯಾಂಕಿನ ಸಾಲ ವಿಭಾಗದಲ್ಲೇ ವಯಸ್ಸು ಕಳೆದ ನಾನು ಅದನ್ನು ಹಾಗೆಯೇ ಬಿಡಲಾರೆ.

ಗೃಹಸಾಲದ ಅರ್ಜಿ ಬಂದರೆ ಸಂಬಳದ ಚೀಟಿ, ಕ್ರಯಪತ್ರ, ಋಣಭಾರ ಪತ್ರ ಎಲ್ಲವನ್ನೂ ನಾವು ತಿರುವಿ ತಿರುವಿ ನೋಡುತ್ತಿದ್ದೆವು. ಕಂತು ನಿಂತರೆ ನಷ್ಟ ನಮ್ಮ ಬ್ಯಾಂಕಿಗೇ ಎಂಬ ಭಯವಿತ್ತು. ಅಮೆರಿಕದಲ್ಲಿ ಆ ಭಯವೇ ಹೋಗಿಬಿಟ್ಟಿತ್ತು. ಕೊಟ್ಟ ಸಾಲವನ್ನು ಕಂಪನಿಗಳು ವಾಲ್ ಸ್ಟ್ರೀಟಿನ ದೊಡ್ಡ ಹಣಕಾಸು ಸಂಸ್ಥೆಗಳಿಗೆ ಮಾರಿ ಕೈತೊಳೆದುಕೊಳ್ಳುತ್ತಿದ್ದವು. ಸಾಲ ಮುಳುಗಿದರೂ ದಲ್ಲಾಳಿಯ ಕಮಿಷನ್ ಅವನ ಜೇಬಿನಲ್ಲೇ. ಸಾವಿರಾರು ಸಾಲಗಳನ್ನು ಸೇರಿಸಿ ಬಾಂಡ್ ಮಾಡಿದವರಿಂದಲೇ ಶುಲ್ಕ ಪಡೆದು, ಬಾಂಡ್ ಎಷ್ಟು ಸುರಕ್ಷಿತ ಎಂದು ದರ್ಜೆ ಕೊಡುವ ರೇಟಿಂಗ್ ಸಂಸ್ಥೆಗಳು ಅದಕ್ಕೆ ಮೇಲ್ದರ್ಜೆ ಕೊಟ್ಟವು. 2006ರಲ್ಲಿ ಮೂಡೀಸ್ ಎಂಬ ರೇಟಿಂಗ್ ಸಂಸ್ಥೆ ಅತ್ಯುನ್ನತ ದರ್ಜೆಯಾದ ‘ಎಎಎ’ ಕೊಟ್ಟ ಇಂಥ ಅಡಮಾನ ಬಾಂಡ್‌ಗಳಲ್ಲಿ ಶೇ 83ರಷ್ಟನ್ನು ಆಮೇಲೆ ಕೆಳಗಿಳಿಸಬೇಕಾಯಿತು. ಶೇ 83, ಸೌಮ್ಯಾ!

ಇನ್ನು ಆ ಬಡವರು ಸಹಿ ಹಾಕಿದ ಸಾಲಪತ್ರ ನೋಡು. ಮೊದಲ 2 ವರ್ಷ ಇಳಿಸಿದ ಬಡ್ಡಿ, ಉಳಿದ 28 ವರ್ಷ ಮಾರುಕಟ್ಟೆಯೊಂದಿಗೆ ಬದಲಾಗುವ ಬಡ್ಡಿ. ಮನೆಯ ಬೆಲೆ ಏರುತ್ತಿರುವವರೆಗೆ ಹಳೆಯದನ್ನು ತೀರಿಸಲು ಹೊಸ ಸಾಲ ಹುಟ್ಟುತ್ತಿತ್ತು. 2004ರಿಂದ 2006ರೊಳಗೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ತನ್ನ ಬಡ್ಡಿದರವನ್ನು ಶೇ 1ರಿಂದ 5.25ಕ್ಕೆ ಏರಿಸಿತು. ಮನೆಗಳ ಬೆಲೆ ಇಳಿಯತೊಡಗಿತು. ಹೊಸ ಸಾಲ ಹುಟ್ಟಲಿಲ್ಲ, ಕಂತು ಮಾತ್ರ ಏರಿತು. ಸುಳ್ಳು ವರಮಾನ ಬರೆಸಿದವರೂ ಇದ್ದರು, ನಿಜ. ಪರಿಶೀಲಿಸಬೇಕಾದವನು ಏಕೆ ಕಣ್ಣುಮುಚ್ಚಿ ಕುಳಿತಿದ್ದ? ನಿನ್ನ ಭಾಷಣ ಕೇಳಬೇಕಾದ ಪ್ರಶ್ನೆ ಅದು.

ಬಡವರಿಗೂ ಸಾಲ ಕೊಡಿ ಎಂದ 1977ರ ಸಮುದಾಯ ಮರುಹೂಡಿಕೆ ಕಾಯ್ದೆಯನ್ನು ದೂರಿದ್ದೀಯೆ. ದುಬಾರಿ ಬಡ್ಡಿಯ ಸಾಲಗಳಲ್ಲಿ ಆ ಕಾಯ್ದೆಗೆ ಸಂಬಂಧಿಸಿದವು ಶೇ 6 ಮಾತ್ರ ಎಂದು ಈ ಬಿಕ್ಕಟ್ಟಿನ ಬಗ್ಗೆ ಅಮೆರಿಕದಲ್ಲಿ ನೇಮಕವಾದ ತನಿಖಾ ಆಯೋಗದ 2011ರ ವರದಿಯಲ್ಲಿದೆ. ಆಯೋಗದ 10 ಸದಸ್ಯರಲ್ಲಿ ನಾಲ್ವರು ಆ ವರದಿಯನ್ನು ಒಪ್ಪಲಿಲ್ಲ. ಅವರಲ್ಲಿ ಪೀಟರ್ ವಾಲಿಸನ್ ಸರ್ಕಾರದ ವಸತಿ ನೀತಿಯನ್ನೇ ಹೊಣೆ ಮಾಡಿದರು. ಆ ಭಿನ್ನಮತವನ್ನೂ ಪೂರ್ತಿ ಓದು. ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳ ತಪ್ಪನ್ನು ಮುಚ್ಚಿಡಬೇಡ. 2008ರ ಸೆಪ್ಟೆಂಬರಿನಲ್ಲಿ ಸರ್ಕಾರ ಅವನ್ನು ತನ್ನ ಹತೋಟಿಗೆ ತೆಗೆದುಕೊಳ್ಳಬೇಕಾಯಿತು.

ಆ ವಾಕ್ಯ ತೆಗೆದುಹಾಕಿ, ರೇಟಿಂಗ್ ಸಂಸ್ಥೆಗಳಿಂದಲೇ ಮಾತು ಆರಂಭಿಸು. ತಿದ್ದಿದ ಪ್ರತಿಯನ್ನು ಸ್ಪರ್ಧೆಗೆ ಮುಂಚೆ ನನಗೊಮ್ಮೆ ಕಳುಹಿಸು.

ಇಂತಿ,
ನಿನ್ನ ದೊಡ್ಡಪ್ಪ