ನನ್ನನ್ನು ಸುಮ್ನೆ ಬಿಡದವರಿಗೆ

ನನ್ನ ಕುತ್ತಿಗೆಯ ಆಪರೇಷನ್ ಆಗಿ ಇವತ್ತಿಗೆ ಒಂದು ವರ್ಷ. ಕೆಲವರಿಗೆ ಹೇಳಬೇಕಾದ ಮಾತು ಬಾಕಿ ಇದೆ.

ದಾವಣಗೆರೆಯಲ್ಲಿ ನಮ್ಮದು ಮಂಡಕ್ಕಿ-ಮಿರ್ಚಿ ಅಂಗಡಿ. ಹೋದ ವರ್ಷ ಒಂದು ಸಂಜೆ ಬಾಣಲೆ ಮುಂದೆ ನಿಂತಿದ್ದೆ. ಎಡಗಣ್ಣಿಗೆ ಮೇಲಿನಿಂದ ಪರದೆ ಇಳಿದ ಹಾಗೆ ಕತ್ತಲಾಯಿತು. ನೋವಿಲ್ಲ, ಉರಿಯಿಲ್ಲ. ಐದು ನಿಮಿಷಕ್ಕೆ ತಾನಾಗಿಯೇ ಸರಿಹೋಯಿತು. ಹೊಗೆಗೆ ಆಗಿರಬೇಕು ಅಂದುಕೊಂಡು ಮತ್ತೆ ಮಿರ್ಚಿ ಬಿಡೋಕೆ ಶುರು ಮಾಡಿದೆ.

ಅಂಗಡಿಯ ಹುಡುಗ ಒಪ್ಪಲಿಲ್ಲ. "ಅಣ್ಣಾ, ಸರಿಹೋತು ಅಂತ ಬಿಡಬ್ಯಾಡ್ರಿ, ತೋರಿಸ್ಕೊಂಡು ಬರ್ರಿ" ಅಂತ ಒಲೆ ಆರಿಸಿಯೇಬಿಟ್ಟ. ವ್ಯಾಪಾರದ ಹೊತ್ತು, ಬೈದೆ. ತಪ್ಪಾಯಿತು ತಮ್ಮಾ. ಮೊದಲ ನಮಸ್ಕಾರ ನಿನಗೇ.

ಎರಡನೆಯದು ಕಣ್ಣಿನ ಡಾಕ್ಟರಮ್ಮನಿಗೆ. ಹನಿ ಹಾಕಿ ನೋಡಿ, "ಕಣ್ಣು ಚೆನ್ನಾಗಿದೆ, ತೊಂದರೆ ಕುತ್ತಿಗೆಯಲ್ಲಿ ಇರಬಹುದು. ನಾಳೆಗೆ ಇಡಬೇಡಿ" ಅಂತ ಚೀಟಿ ಬರೆದು ಆಗಲೇ ಕಳಿಸಿದರು. ಕಣ್ಣಿಗೂ ಕುತ್ತಿಗೆಗೂ ಏನು ಸಂಬಂಧ ಅಂತ ನನಗೆ ಆಗ ಗೊತ್ತಿರಲಿಲ್ಲ.

ಚೀಟಿ ನೋಡಿದ ಡಾಕ್ಟರು ಸ್ಟೆತಾಸ್ಕೋಪನ್ನು ಎದೆಗಲ್ಲ, ಕುತ್ತಿಗೆಗೆ ಇಟ್ಟರು. "ಉಸಿರು ಹಿಡೀರಿ" ಅಂದರು. ರಕ್ತ ಸದ್ದಿಲ್ಲದೆ ಹರಿಯಬೇಕಾದ ಕಡೆ ಸೊರ್ ಅಂತ ಸದ್ದು ಕೇಳಿತಂತೆ. ರಕ್ತ ಹೇಗೆ ಹರಿಯುತ್ತಿದೆ ಅಂತ ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಎಡಗಡೆಯ ನಾಳ ಶೇಕಡಾ 80ರಷ್ಟು ಕಟ್ಟಿಕೊಂಡಿತ್ತು.

ಕುತ್ತಿಗೆಯ ಎರಡೂ ಬದಿ ಮೆದುಳಿಗೆ ರಕ್ತ ಒಯ್ಯುವ ನಾಳಕ್ಕೆ ಕೆರೋಟಿಡ್ ಅಂತಾರೆ. ದವಡೆಯ ಕೆಳಗೆ ಅದು ಕವಲೊಡೆಯುವ ಕಡೆಯೇ ಜಿಡ್ಡು ಜಾಸ್ತಿ ಕಟ್ಟೋದು. ಅದರ ಚೂರು ಕಣ್ಣಿನ ಕಡೆ ಹೋದರೆ ಪರದೆ, ಮೆದುಳಿಗೆ ಹೋಗಿ ಸಿಕ್ಕಿಕೊಂಡರೆ ಲಕ್ವ. ನನ್ನದು ಎಡಗಡೆ, ಹೋಗುವುದಿದ್ದರೆ ಬಲಗೈ, ಬಲಗಾಲು, ಮಾತು. ಇದನ್ನು ಕೇಳಿ ನನ್ನ ಹೆಂಡತಿ ನನ್ನ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವತ್ತೇ ಬೀಡಿ ಬಿಟ್ಟೆ.

ಬೆಂಗಳೂರಿನ ಸರ್ಜನ್ನರಿಗೆ ಕೈ ಮುಗಿಯುತ್ತೇನೆ. ಕೆಲವರಿಗೆ ಮಾತ್ರೆಯೇ ಸಾಕು, ಕೆಲವರಿಗೆ ನಾಳ ತೆರೆದಿಡೋಕೆ ಸ್ಟೆಂಟ್ ಅನ್ನೋ ಬಲೆ ಕೊಳವೆ ಹಾಕ್ತಾರೆ, ನಿಮಗೆ ಆಪರೇಷನ್ನೇ ಒಳ್ಳೇದು, ಅದೂ ಎರಡು ವಾರದ ಒಳಗೆ ಆಗಬೇಕು ಅಂದರು. ಆಪರೇಷನ್ನಿನಿಂದಲೇ ಕೆಲವೊಮ್ಮೆ ಲಕ್ವ ಹೊಡೆಯಬಹುದು ಅನ್ನೋದನ್ನೂ ಮುಚ್ಚಿಡಲಿಲ್ಲ. ಹಾಗೆ ಹೇಳಿದ್ದಕ್ಕೇ ನನಗೆ ಧೈರ್ಯ ಬಂತು. ಆಮೇಲೆ ತೆಗೆದ ಜಿಡ್ಡನ್ನು ಬಾಟಲಿಯಲ್ಲಿ ತೋರಿಸಿದರು. ಹಳದಿ, ಗಟ್ಟಿ. ಬಾಣಲೆ ಅಂಚಿಗೆ ಕಟ್ಟಿದ ಎಣ್ಣೆ ಜಿಡ್ಡಿನ ಹಾಗೇ ಇತ್ತು.

ಆ ರಾತ್ರಿಯ ಸಿಸ್ಟರ್‌ಗೂ ಥ್ಯಾಂಕ್ಸ್. ಗಂಟೆಗೊಮ್ಮೆ ಬಂದು, "ಕೈ ಎತ್ತಿ. ನಗಿ. ನಿಮ್ಮ ಹೆಸರು ಹೇಳಿ" ಅನ್ನೋರು. ಪ್ರತಿ ಸಲ ನನ್ನ ಹೆಸರು ನನ್ನ ಬಾಯಲ್ಲೇ ಕೇಳಿ ಕಣ್ಣು ತುಂಬುತ್ತಿತ್ತು.

ನಿಮ್ಮಲ್ಲಿ ಯಾರಿಗಾದರೂ ಕಣ್ಣು ಕತ್ತಲಾದರೆ, ಕೈ ಸೋತರೆ, ಮಾತು ತೊದಲಿದರೆ, ಒಂದೇ ನಿಮಿಷಕ್ಕೆ ಸರಿಹೋದರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಕೈ ಮುಗಿದು ಕೇಳುತ್ತೇನೆ.

ಎಡಗಿವಿಯ ಕೆಳಗೆ ಇನ್ನೂ ಸ್ವಲ್ಪ ಜೋಮು ಇದೆ. ಗಡ್ಡ ತೆಗೆಯುವಾಗ ನಮ್ಮ ಕಟಿಂಗ್ ಶಾಪಿನ ಗೆಳೆಯ ಆಪರೇಷನ್ನಿನ ಗೆರೆಯ ಹತ್ತಿರ ಬಂದ ಕೂಡಲೇ ಮಾತು ನಿಲ್ಲಿಸಿ, ಕೈ ನಿಧಾನ ಮಾಡುತ್ತಾನೆ. ಅವನಿಗೂ ಥ್ಯಾಂಕ್ಸ್.