ಹವ್ಯಾಸ ಅಂದುಬಿಟ್ಟೆ

ಪುಟ್ಟಿ,

ಕಾರ್ಟ್ ರೇಸಿನಲ್ಲಿ ಪಕ್ಕೆಲುಬಿಗೆ ಕಟ್ಟಿಕೊಳ್ಳುವ ನಿನ್ನ ರಿಬ್ ಪ್ರೊಟೆಕ್ಟರ್ ಮಂಚದ ಮೇಲೇ ಉಳಿದಿದೆ. ಬೆಳಿಗ್ಗೆ ನೋಡಿ ಎದೆ ಧಸಕ್ ಅಂತು. ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಫಾರ್ಮುಲಾ ಕಾರಿಗೆ ಅದು ಬೇಡ ಅತ್ತಿಗೆ, ಬೆಲ್ಟ್ ಇರುತ್ತೆ, ಕತ್ತಿಗೆ ಹ್ಯಾನ್ಸ್ ಇರುತ್ತೆ" ಅಂದ. ಏಳು ವರ್ಷ ಬೆಲ್ಟೇ ಇಲ್ಲದ ಕಾರ್ಟ್‌ನಲ್ಲಿ ನಿನ್ನನ್ನು ಕೂರಿಸಿ ಕಳಿಸಿದವಳು, ಈಗ ಬೆಲ್ಟ್ ಇರುವ ಕಾರಿಗೆ ಹೆದರುತ್ತಿದ್ದೇನೆ. ನೀನು ನನ್ನ ಫೋನ್ ತೆಗೆಯುತ್ತಿಲ್ಲ. ಇದನ್ನು ಅವನ ವಾಟ್ಸಾಪ್‌ಗೆ ಕಳಿಸುತ್ತೇನೆ, ತೋರಿಸುತ್ತಾನೆ.

ಗುರುವಾರ ರಾತ್ರಿ ಆಡಿದ ಮಾತೆಲ್ಲ ಇಲ್ಲಿ ಬೇಡ. ಇಬ್ಬರಿಗೂ ನೆನಪಿದೆ. ನಿನ್ನ ರೇಸಿಗೆ ಸ್ಪಾನ್ಸರ್ ಕೇಳಲು ಹೋಗಿದ್ದೆವಲ್ಲ, ಆ ಆಫೀಸಿನ ವಿಷಯ ಮಾತ್ರ ಹೇಳಬೇಕು.

ಅವರು ಕೇಳಿದ್ದು ನಿನ್ನನ್ನು. "ಎಷ್ಟು ವರ್ಷ ಇದನ್ನೇ ಮಾಡ್ತೀಯಮ್ಮಾ?" ಅಂತ. ನೀನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನಾನು ನಡುವೆ ಬಾಯಿ ಹಾಕಿದೆ. "ಸದ್ಯಕ್ಕೆ ಸುಮ್ನೆ ಹವ್ಯಾಸ ಸಾರ್, ಓದಿನಲ್ಲೂ ಮುಂದಿದ್ದಾಳೆ, ಇಂಜಿನಿಯರಿಂಗ್ ಮಾಡಿಸ್ತೀವಿ." ಅವರು ನಕ್ಕು ಫೈಲು ಮುಚ್ಚಿದರು. ಕಾಫಿ ಬಂತು. ನೀನು ಕುಡಿಯಲಿಲ್ಲ. ನಿನ್ನ ಕಾಫಿಯನ್ನೂ ನಾನೇ ಕುಡಿದೆ, ಚೆಲ್ಲಿದರೆ ಅವರು ಏನಂದುಕೊಂಡಾರು ಅಂತ! ಲಿಫ್ಟಿನಲ್ಲಿ ನೀನು ನಂಬರುಗಳನ್ನೇ ನೋಡುತ್ತಿದ್ದೆ. ಒಂಬತ್ತು, ಎಂಟು, ಏಳು.

ಯಾಕೆ ಹಾಗಂದೆ? ಹತ್ತೊಂಬತ್ತು ವರ್ಷದಿಂದ ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದೇನೆ. ಕಣ್ಣು ಹೊಳೆಸಿಕೊಂಡು ಬಂದು ಕೂತವರನ್ನು ಕಂಡರೆ ನಮಗೆ ಭಯ. "ಅಂಗಡಿ ಜೊತೆಗೆ ಸಂಬಳದ ಕೆಲಸಾನೂ ಇದೆ ಮೇಡಂ" ಅಂದವರ ಫೈಲು ಬೇಗ ಮುಂದೆ ಹೋಗುತ್ತೆ. ಅದೇ ಬುದ್ಧಿ ಅಲ್ಲೂ ಓಡಿತು. ನಿನ್ನನ್ನು ಅಪಾಯವಿಲ್ಲದ ಹುಡುಗಿ ಅಂತ ತೋರಿಸಲು ಹೋದೆ. ಆದರೆ ಹವ್ಯಾಸಕ್ಕೆ ಯಾರು ದುಡ್ಡು ಕೊಡುತ್ತಾರೆ?

ಈಗ ಲೆಕ್ಕ. ನಗಬೇಡ, ನನಗೆ ಬರುವುದೇ ಅದು. ಕಳೆದ ವರ್ಷ ಕಾರ್ಟಿಂಗ್‌ಗೆ 11 ಲಕ್ಷದ 40 ಸಾವಿರ ಆಗಿದೆ. ಟೈರು, ಎಂಜಿನ್ ರೀಬಿಲ್ಡ್, ಎಂಟ್ರಿ ಫೀ, ಮೆಕ್ಯಾನಿಕ್, ಪ್ರಾಕ್ಟೀಸ್ ದಿನಗಳು. ಟೈರಿನ ಪುಟವನ್ನು ನಿಮ್ಮಪ್ಪ ತೆರೆದು ನೋಡುವುದೇ ಇಲ್ಲ. ಸ್ಪೇನಿನ ಟೀಮಿನವರ ಮೇಲ್‌ನಲ್ಲಿ, ಎಫ್1ಗೆ ಹತ್ತುವ ಮೆಟ್ಟಿಲುಗಳಲ್ಲಿ ಕೆಳಗಿನದಾದ ಎಫ್4ನ ಒಂದು ಸೀಸನ್‌ಗೇ 3 ಲಕ್ಷ ಯೂರೋ ಅಂತಿದೆ. ಗುದ್ದಿದರೆ ಬಿಡಿಭಾಗದ ಬಿಲ್ ಬೇರೆ. ಅಲ್ಲಿಂದ ಎಫ್3ಗೆ ಹೋದರೆ ವರ್ಷಕ್ಕೆ 10 ಕೋಟಿಗೆ ಕಡಿಮೆ ಇಲ್ಲ, ಎಫ್2ಗೆ ಅದರ ದುಪ್ಪಟ್ಟು.

ನೀನು ಹುಡುಗಿಯರಿಗೇ ಇರುವ ರೇಸ್ ಸರಣಿ, ಎಫ್1 ಅಕಾಡೆಮಿ ಅಂದೆ. 2024ರಲ್ಲಿ ಅಲ್ಲಿ ಹುಡುಗಿಯರು ತರಬೇಕಾಗಿದ್ದದ್ದು 1 ಲಕ್ಷ ಯೂರೋ, ಹೆಚ್ಚುಕಡಿಮೆ 90 ಲಕ್ಷ. ದೊಡ್ಡಬಳ್ಳಾಪುರದ ಸೈಟಿಗೆ 80 ಬರಬಹುದು. ಅದಕ್ಕೇ ಅಲ್ವಾ "ಮಾರಿಬಿಡಿ" ಅಂದದ್ದು? ನಿನ್ನ ಗಣಿತ ಸರಿಯಿದೆ. ಆದರೆ ಆ ಸೀಟು ದುಡ್ಡು ಹಿಡಿದು ಕ್ಯೂ ನಿಂತರೆ ಸಿಗೋದಲ್ಲ. ಎಫ್4ನಲ್ಲಿ ಏನು ಮಾಡಿದ್ದೀ ಅಂತ ಮೊದಲು ಕೇಳುತ್ತಾರೆ. ಸೈಟು ಅಲ್ಲಿಗೇ ಕರಗಿದರೆ ಮುಂದಕ್ಕೆ? ಹುಡುಗಿಯರದೇ ಇನ್ನೊಂದು ಸರಣಿ, ಡಬ್ಲ್ಯೂ ಸೀರೀಸ್ ನೆನಪಿದೆಯಾ? ಹುಡುಗಿಯರು ಒಂದು ಪೈಸೆ ತರಬೇಕಾಗಿರಲಿಲ್ಲ. 2022ರಲ್ಲಿ ಆ ಸೀರೀಸೇ ದುಡ್ಡಿಲ್ಲದೆ ಸೀಸನ್ ಮುಗಿಯುವ ಮೊದಲು ನಿಂತುಹೋಯಿತು.

ಎಫ್1 ಚಾಂಪಿಯನ್ ಹ್ಯಾಮಿಲ್ಟನ್ ಅಪ್ಪ ಮೂರು ಮೂರು ಕೆಲಸ ಮಾಡಿದ ಕಥೆಯನ್ನು ಈ ಏಳು ವರ್ಷದಲ್ಲಿ ಎಷ್ಟು ಜನ ಹೇಳಿದರೋ! ಮೂರು ಕೆಲಸ ಮಾಡಿಯೂ ಮಗನನ್ನು ಮನೆಗೆ ಕರೆದುಕೊಂಡು ಹೋದ ಅಪ್ಪಂದಿರ ಕಥೆ ಯಾರೂ ಹೇಳಲ್ಲ. ನೀನೀಗ ಇರುವ ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ 2005ರಲ್ಲಿ ಎಫ್1ಗೆ ಹೋದಾಗ ಬೆನ್ನಿಗೆ ಟಾಟಾದವರಿದ್ದರು. ನನಗೆ ಇಷ್ಟವಾಗುವುದು ಆ ಇಂಗ್ಲೆಂಡಿನ ಹುಡುಗಿ ಅಬಿ ಪುಲ್ಲಿಂಗ್. 2021ರಲ್ಲಿ ದುಡ್ಡಿಲ್ಲದೆ ಬ್ರಿಟಿಷ್ ಎಫ್4ನಿಂದ ವರ್ಷದ ಮಧ್ಯದಲ್ಲೇ ಹೊರಬಿದ್ದಳು. 2024ರಲ್ಲಿ ಎಫ್1 ಅಕಾಡೆಮಿ ಗೆದ್ದಳು. ಬಹುಮಾನ ಅಂತ ಮುಂದಿನ ವರ್ಷ ಬ್ರಿಟನ್ನಿನ ಜಿಬಿ3 ರೇಸ್ ಸರಣಿಯಲ್ಲಿ ಸೀಟು ಸಿಕ್ಕಿತು, ಪೂರ್ತಿ ಖರ್ಚಿನೊಂದಿಗೆ. ಅವಳ ಅಮ್ಮ ಆ ಮೂರು ವರ್ಷ ಏನು ಹೇಳಿಕೊಂಡು ನಿದ್ದೆ ಮಾಡಿದಳೋ.

ಸೈಟು ಮಾರಲ್ಲ. ಅಪ್ಪ, ನಾನು ಕೂತು ಮಾತಾಡಿದ್ದೇವೆ. ಆದರೆ ಈ ವರ್ಷ ನಮ್ಮ ದೇಶದ್ದೇ ಸರಣಿ ಎಲ್‌ಜಿಬಿ ಫಾರ್ಮುಲಾ 4 ಪೂರ್ತಿ ಓಡಿಸು, ಅಷ್ಟನ್ನು ಹೊಂದಿಸುತ್ತೇವೆ. ಮಾರುತಿ ಎಂಜಿನ್ ಅಂತ ಮೂಗು ಮುರಿಯಬೇಡ. ನೀನು ನಾಳೆ ಓಡಿಸುವ ಕರಿ ಮೋಟರ್ ಸ್ಪೀಡ್‌ವೇ ಟ್ರ್ಯಾಕಿಗೆ ಹೆಸರು ಬಂದದ್ದು ಕರಿವರ್ಧನ್ ಅವರಿಂದ. ನಮ್ಮ ಹುಡುಗರಿಗೂ ಕೈಗೆಟುಕಲಿ ಅಂತ ಮಾರುತಿ 800ರ ಎಂಜಿನ್ ಇಟ್ಟು ರೇಸ್ ಕಾರು ಮಾಡಿದವರು ಅವರು. ಆಮೇಲೆ ಚೆನ್ನೈ ಕಡೆಯ ಎಫ್4 ನೋಡೋಣ. ಕಾಲೇಜಿನಲ್ಲಿ 75 ಪರ್ಸೆಂಟ್ ಅಟೆಂಡೆನ್ಸ್ ಬೇಕು, ಮರೀಬೇಡ. ಸ್ಪಾನ್ಸರ್ ಎದುರು ಫೋನ್ ನೋಡಬೇಡ. ಅವರಿಗೆ ನಿನ್ನ ಲ್ಯಾಪ್ ಟೈಮ್ ಅರ್ಥವಾಗಲ್ಲ, ಕಾರಿನ ಪಕ್ಕದ ಸೈಡ್‌ಪಾಡ್ ಮೇಲೆ ಅವರ ಹೆಸರು ಎಷ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದು ಅರ್ಥವಾಗುತ್ತೆ. ರೇಸ್ ಮುಗಿದ ದಿನವೇ ಫೋಟೊ ಕಳಿಸು. ಸೋತರೂ ಕಳಿಸು. ಬೆನ್ನು ನೆಟ್ಟಗಿಟ್ಟು ಕೂತುಕೋ. ಅಯ್ಯೋ, ಉಪದೇಶ ಮಾಡಬಾರದು ಅಂತಲೇ ಬರೆಯಲು ಕೂತೆ.

ಮತ್ತೆ ಆ ಆಫೀಸಿಗೇ ಬರುತ್ತೇನೆ, ತಾಳು. ನೀನು ಬಾಯಿ ತೆರೆದಿದ್ದೆಯಲ್ಲ, ಏನು ಹೇಳಬೇಕು ಅಂತಿದ್ದೆ? ಗುರುವಾರ ಅಷ್ಟು ಕೂಗಾಡಿದರೂ ಅದನ್ನು ನಾನು ಕೇಳಲಿಲ್ಲ. ನೀನೂ ಹೇಳಲಿಲ್ಲ. ನೀನು ಹೊರಟ ಮೇಲೆ ನಾಲ್ಕು ದಿನದಿಂದ ಅನ್ನ ಬಸಿಯುವಾಗ, ಬ್ಯಾಂಕಿನಲ್ಲಿ ಯಾರದೋ ಫೈಲಿಗೆ ಸಹಿ ಹಾಕುವಾಗ, ಆ ಅರ್ಧ ತೆರೆದ ಬಾಯಿಯೇ ಕಾಣುತ್ತೆ. ಹತ್ತು ವರ್ಷ ಅಂತಿದ್ದೆಯಾ? ಗೆಲ್ಲುವವರೆಗೆ ಅಂತಿದ್ದೆಯಾ?

ಇನ್ನೂ ಆರು ಕಂಪನಿಗಳಿಗೆ ಕಳಿಸಲು ಹೊಸ ಪತ್ರ ಟೈಪ್ ಮಾಡಿದ್ದೇನೆ. ಪೋಡಿಯಂ ಫೋಟೊ, ಈ ವರ್ಷದ ಬಜೆಟ್ ಎಲ್ಲ ಹಾಕಿದ್ದೇನೆ. ಮೊದಲ ಪ್ಯಾರಾ ಖಾಲಿ ಇದೆ. ಅದನ್ನು ನೀನು ಬರಿ. ನಾನು ಕಾಗುಣಿತ ಮಾತ್ರ ನೋಡುತ್ತೇನೆ.

ಭಾನುವಾರ ಬಸ್ಸು ಎಷ್ಟೊತ್ತಾದರೂ ಸರಿ, ಸಿಲ್ಕ್ ಬೋರ್ಡ್ ಹತ್ತಿರ ಅಪ್ಪ ಕಾಯುತ್ತಿರುತ್ತಾರೆ. ರಿಬ್ ಪ್ರೊಟೆಕ್ಟರ್ ಒರೆಸಿ ಬೀರುವಿನಲ್ಲಿಟ್ಟಿದ್ದೇನೆ. ಮಾರಬೇಕಾ, ಇಟ್ಟುಕೊಳ್ಳಬೇಕಾ ಹೇಳು.

ಅಮ್ಮ